ಕೋವಿ ರಿಪೇರಿ: ಬಣ್ಣಕ್ಕಿಂತ ಮೊದಲು ಕೀಲು

ಆಗಸ್ಟ್ ತಿಂಗಳು ಬಂತೆಂದರೆ ಕೊಡಗಿನಲ್ಲಿ ಕೋವಿ ರಿಪೇರಿ ಮಾಡುವವರಿಗೆ ಬಿಡುವಿರುವುದಿಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಒರೆಸಿ ದೀಪದ ಮುಂದೆ ಇಡಬೇಕು, ತೋಕ್‌ಪೂವಿನಿಂದ, ಅಂದರೆ ಕೋವಿಹೂವಿನಿಂದ, ಅಲಂಕರಿಸಬೇಕು, ಆಮೇಲೆ ಊರಿನವರ ಜೊತೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯಬೇಕು. ವರ್ಷವಿಡೀ ಬೀರುವಿನಲ್ಲಿದ್ದ ಕೋವಿ ಹಬ್ಬಕ್ಕೆ ಹತ್ತು ದಿನವಿರುವಾಗ ನನ್ನ ಮೇಜಿನ ಮೇಲೆ ಬರುತ್ತದೆ, ತಂದವರ ಮಾತೂ ಬಹುಪಾಲು ಒಂದೇ ಆಗಿರುತ್ತದೆ: "ಬಣ್ಣ ಹೋಗಿದೆ, ಹಬ್ಬದೊಳಗೆ ಮಾಡಿಕೊಡಿ." ಈ ಬಣ್ಣವೆಂದರೆ ಬಳಿಯುವ ಪೇಂಟಲ್ಲ, ಉಕ್ಕಿನ ಮೈಗೇ ಬರಿಸುವ ಕಪ್ಪು. ತಡ ಮಾಡುತ್ತಾರೆ, ದುಬಾರಿ, ಮಾಡಿಸಿದ್ದೇ ಮತ್ತೆ ಕೆಟ್ಟಿತು ಎಂದು ನಮ್ಮ ಕಸುಬಿನವರ ಮೇಲೆ ಗ್ರಾಹಕರು ಹೇಳುವ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ, ಕೋವಿಯನ್ನು ಬಿಚ್ಚಿ ನೋಡುವ ಮೊದಲೇ ಬಣ್ಣಕ್ಕೆ ದರ ಹೇಳಿ ದಿನ ಕೊಟ್ಟುಬಿಡುವ ಆ ಒಂದು ಗಳಿಗೆಯಲ್ಲಿ, ಎಂಬುದು ಇಷ್ಟು ವರ್ಷಗಳ ನನ್ನ ಅನುಭವ.

ಕಳೆದ ವರ್ಷ ಹಿರಿಯರೊಬ್ಬರು ತಮ್ಮ ಅಜ್ಜನ ಕಾಲದ ಇಂಗ್ಲೆಂಡಿನ ಜೋಡಿ ನಳಿಗೆ ಕೋವಿಯನ್ನು ತಂದರು. ಬೇರೊಂದು ಕಡೆ ಎರಡು ವರ್ಷದ ಹಿಂದೆ ಬಣ್ಣ ಹಾಕಿಸಿದ್ದರಂತೆ. ಹೊರಗಿನಿಂದ ನೋಡಿದರೆ ಕಣ್ಣಿಗೆ ಕಟ್ಟುವಂತೆ ಕಪ್ಪಾಗಿ ಹೊಳೆಯುತ್ತಿತ್ತು. ನಳಿಗೆಗಳನ್ನು ಬಿಡಿಸಿ, ತೂಗುಹಾಕಿ, ಬೆರಳ ಗೆಣ್ಣಿನಿಂದ ತಟ್ಟಿದೆ. ಬೆಸುಗೆ ಗಟ್ಟಿಯಾಗಿರುವ ಜೋಡಿ ನಳಿಗೆ ಗಂಟೆಯಂತೆ ನಾದ ಕೊಡುತ್ತದೆ. ಇದು ಒಡೆದ ಮಡಕೆಯಂತೆ ಸದ್ದು ಮಾಡಿತು. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಹಿಡಿದಿರುವುದು ಸೀಸ ಮತ್ತು ತವರದ ಬೆಸುಗೆ. ಬೇಗ ಮುಗಿಯುವ ಬಣ್ಣದ ಕೆಲಸದಲ್ಲಿ ನಳಿಗೆಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಕಾಸ್ಟಿಕ್ ಉಪ್ಪಿನ ದ್ರಾವಣದಲ್ಲಿ ಅದ್ದುತ್ತಾರೆ. ಒಂಟಿ ನಳಿಗೆಗೆ ಅದರಿಂದ ತೊಂದರೆಯಿಲ್ಲ, ಆದರೆ ಜೋಡಿ ನಳಿಗೆಯಲ್ಲಿ ಆ ಕ್ಷಾರವು ಬೆಸುಗೆಯನ್ನು ತಿನ್ನುತ್ತದೆ, ಪಟ್ಟಿಯ ಅಡಿಗೆ ಇಳಿದು ಅಲ್ಲೇ ಉಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಇಂಥ ಕೋವಿಗೆ ಒಪ್ಪುವುದು ಹಳೆಯ ಕ್ರಮ: ತೆಳುವಾಗಿ ತುಕ್ಕು ಬರಿಸಿ, ನೀರಿನಲ್ಲಿ ಕುದಿಸಿ, ಕಪ್ಪಾದ ಪುಡಿಯನ್ನು ಉಜ್ಜಿ ತೆಗೆದು, ಬಣ್ಣ ಕೂರುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡುವುದು. ಅದಕ್ಕೆ ದಿನಗಳು ಬೇಕು. ಎರಡು ವಾರ ಕೇಳಿದ ರಿಪೇರಿಯವರ ಮೇಲೆ ಬೇಸರಪಡುವ ಮೊದಲು ಅವರು ಯಾವ ಕ್ರಮದಲ್ಲಿ ಮಾಡುತ್ತಾರೆಂದು ಕೇಳಿ ನೋಡಿ.

ಬಣ್ಣದ ಮಾತು ಅಷ್ಟಾಯಿತು, ಆ ಕೋವಿಯ ನಿಜವಾದ ರೋಗ ಬೇರೆಯೇ ಇತ್ತು. ಮುಂಭಾಗದ ಮರವನ್ನು ಕಳಚಿ, ಕೋವಿಯನ್ನು ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ನಳಿಗೆಯ ಹಿಂಬದಿಗೂ ಅದು ಒರಗಿ ಕೂರಬೇಕಾದ ಉಕ್ಕಿನ ಮುಖಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು, ಅಲ್ಲಾಡಿಸಿದರೆ ನಳಿಗೆ ಮಡಚಿಕೊಳ್ಳುವ ಕೀಲಿನಲ್ಲಿ ಸಣ್ಣಗೆ ಕಟಕಟ ಎಂದಿತು. ಈಡು ಹಾರಿದಾಗ ತೋಟೆಯ ಹಿಂಭಾಗಕ್ಕೆ ಆಸರೆ ಕೊಡುವುದು ಆ ಮುಖ. ಕೀಲು ಸವೆದು ಅಲ್ಲಿ ಸಂದು ಬಿದ್ದರೆ ಪ್ರತಿ ಹೊಡೆತವೂ ಸುತ್ತಿಗೆಯಂತೆ ಬಡಿದು ಸಂದನ್ನು ಇನ್ನಷ್ಟು ಅಗಲಿಸುತ್ತದೆ. ನಳಿಗೆಯ ಅಡಿಯಲ್ಲಿ ಕೀಲಿಗೆ ಸಿಕ್ಕುವ ಕೊಂಡಿಯ ಅಂಚನ್ನು ಯಾರೋ ಉಳಿಯಿಂದ ಬಡಿದು ಬಿಗಿ ಮಾಡಿದ ಗುರುತೂ ಇತ್ತು. ಅಂಥ ಬಿಗಿ ಕೆಲವೇ ಈಡಿಗೆ ಮತ್ತೆ ಸಡಿಲವಾಗುತ್ತದೆ. ಸರಿಯಾದ ಕೆಲಸವೆಂದರೆ ಅಳತೆಗೆ ಹೊಸ ಕೀಲು ಕಡೆದು ಹಾಕಿ, ಹೊಗೆಯ ಮಸಿ ಹಚ್ಚಿ, ಮಸಿ ತಾಗಿದಲ್ಲಿ ಮಾತ್ರ ಅರದಿಂದ ಎಳೆದು, ಮುಖಕ್ಕೆ ಮುಖ ಪೂರ್ತಿ ಕೂರುವ ತನಕ ತಾಳ್ಮೆಯಿಂದ ಸೇರಿಸುವುದು. ಬಿಲ್ಲು ನೋಡಿ ಗ್ರಾಹಕರು ದುಬಾರಿ ಎನ್ನುವುದು ಬಹುತೇಕ ಹೊರಗೆ ಕಾಣದ ಈ ಕೆಲಸಕ್ಕೇ.

ಯಾವ ತೋಟೆ ಹಾಕುತ್ತೀರಿ ಎಂದು ಕೇಳಿದೆ. "ಹನ್ನೆರಡು ಬೋರಿನದು, ಇನ್ನು ಯಾವುದು ಮೇಸ್ತ್ರಿಗಳೇ?" ಎಂದರು. ಬೋರು ಹೇಳುವುದು ನಳಿಗೆಯ ಒಳಗಲವನ್ನು ಮಾತ್ರ, ತೋಟೆಯ ಉದ್ದವನ್ನಲ್ಲ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಹಲವಕ್ಕೆ ತೋಟೆ ಕೂರುವ ಕೋಣೆ 65 ಮಿಲಿಮೀಟರ್ ಉದ್ದದ್ದು. ತೋಟೆಯ ಮೇಲೆ ಬರೆದಿರುವ ಉದ್ದವು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ, ಆದ್ದರಿಂದ 70 ಮಿಲಿಮೀಟರಿನ ತೋಟೆಯೂ ಒಳಗೆ ಸಲೀಸಾಗಿ ಹೋಗುತ್ತದೆ. ಹೊಡೆದಾಗ ಅದರ ಬಾಯಿ ತೆರೆದುಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಅವರ ಕೋವಿಯ ಕೀಲು ಅಷ್ಟು ಬೇಗ ಸವೆಯಲು ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಗ್ರಾಹಕರು ಹೇಳದೆ ಬಿಡುವ ಸಂಗತಿಗಳೂ ಇವೆ. ನಳಿಗೆಗೆ ತೆಂಗಿನೆಣ್ಣೆ ಸವರಿಟ್ಟರೆ ಅದು ಕ್ರಮೇಣ ಅಂಟಾಗಿ ಸ್ಪ್ರಿಂಗ್ ಮತ್ತು ತೋಟೆಗೆ ಬಡಿಯುವ ಪಿನ್ನನ್ನು ಹಿಡಿದುಕೊಳ್ಳುತ್ತದೆ. ಆ ಪಿನ್ನಿಗೆ ಹೊಡೆಯುವ ಸುತ್ತಿಗೆಯನ್ನು ಕುದುರೆ ಎನ್ನುತ್ತಾರೆ. "ಕುದುರೆ ಬಿದ್ದರೂ ಈಡು ಹಾರುವುದಿಲ್ಲ" ಎಂದು ಬಂದ ಎಷ್ಟೋ ಕೋವಿಗಳು ಸೀಮೆಎಣ್ಣೆಯಲ್ಲಿ ತೊಳೆದದ್ದಕ್ಕೇ ಸರಿಹೋಗಿವೆ. ಹಬ್ಬದಲ್ಲಿ ನಳಿಗೆಯ ಬಾಯಿಗೆ ಸಿಕ್ಕಿಸಿದ ಹೂವಿನ ದೇಟು ಅಲ್ಲೇ ಒಣಗಿ, ಅದರ ಸುತ್ತ ತುಕ್ಕು ಕೂತದ್ದನ್ನು ಕಂಡಿದ್ದೇನೆ. ಒಮ್ಮೆ ಗದ್ದೆಮನೆಯಿಂದ ಬಂದ ಒಂಟಿ ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಮನೆಯಲ್ಲಿ ಸಾವಾಗಿ, ಸುದ್ದಿ ತಿಳಿಸುವ ಜೋಡಿ ಗುಂಡು ಹಾರಿಸಲು ಅದೇ ರಾತ್ರಿ ಆ ಕೋವಿಯನ್ನು ಎತ್ತಿಕೊಂಡಿದ್ದರೆ ನಳಿಗೆ ಸಿಡಿಯಬಹುದಿತ್ತು. ತೋಟೆ ಹಾಕುವ ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ಆಚೆಯ ಆಕಾಶ ಕಾಣುತ್ತದೆಯೇ ಎಂದು ನೋಡಿ ಎಂದು ಎಲ್ಲರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ಕಾಗದಪತ್ರದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿ ರಿಪೇರಿಗೇ ಪ್ರತ್ಯೇಕ ಲೈಸೆನ್ಸ್ ಬೇಕು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿಯ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆಯಾದರೂ, ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ಲೈಸೆನ್ಸ್ ಇಲ್ಲದ ಕುಲುಮೆಯಲ್ಲಿ ರಿಪೇರಿ ಮಾಡಿಸುವುದಕ್ಕಲ್ಲ. ಲೈಸೆನ್ಸ್‌ದಾರರು ತಾವೇ ಬರಲಾಗದಿದ್ದರೆ ತಂದುಕೊಡುವವರ ಕೈಯಲ್ಲಿ ಲಿಖಿತ ಅಧಿಕಾರಪತ್ರ ಕಳಿಸಬೇಕು. 3ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ. ರಸೀದಿಯಲ್ಲಿ ಕೋವಿಯ ನಂಬರ್ ಬರೆಸಿಕೊಳ್ಳಿ, ಉಜ್ಜುವಾಗ ಆ ನಂಬರ್ ಅಳಿಸದಂತೆ ಕೋವಿ ಕೊಡುವಾಗಲೇ ಹೇಳಿ. ನಳಿಗೆ ಗಿಡ್ಡ ಮಾಡಿಕೊಡಿ ಎಂದು ಕೇಳಿದವರನ್ನು ನಾನು ಮೇಜಿನಿಂದಲೇ ವಾಪಸು ಕಳಿಸುತ್ತೇನೆ.

ಆ ಹಿರಿಯರಿಗೆ ಹಬ್ಬದೊಳಗೆ ಕೆಲಸ ಮುಗಿಯುವುದಿಲ್ಲವೆಂದು ಹೇಳಿದಾಗ ಅವರ ಮುಖ ಸಣ್ಣದಾಯಿತು. ಅಜ್ಜನ ಕೋವಿಯಿಲ್ಲದೆ ಪೂಜೆ ಹೇಗೆ ಎಂಬ ಅವರ ಸಂಕಟ ನನಗೂ ಅರ್ಥವಾಗುವಂಥದ್ದೇ. ಕೋವಿಯನ್ನು ಜೋಡಿಸಿ, ಎಣ್ಣೆಬಟ್ಟೆಯಿಂದ ಒರೆಸಿ ಕೊಟ್ಟು, ರಸೀದಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: "ಪೂಜೆಗೆ ಇಡಬಹುದು. ಈಡು ಹೊಡೆಯಬಾರದು. ಹಬ್ಬ ಮುಗಿದ ಮೇಲೆ ತರುವುದು." ಹಬ್ಬ ಮುಗಿದ ಮೂರನೆಯ ದಿನವೇ ತಂದರು.