ಅಪ್ಪನ ಎಂಆರ್‌ಐ ನಾರ್ಮಲ್ ಅಂತೆ, ಮತ್ತೆ ಪಾರ್ಕಿನ್ಸನ್ ಹೇಗೆ?

ಪ್ರಶ್ನೆ: ಅಪ್ಪನಿಗೆ 67 ವರ್ಷ. ಬಲಗೈ ನಡುಗ್ತದೆ, ನಡಿಗೆ ನಿಧಾನ ಆಗಿದೆ. ನ್ಯೂರೋ ಡಾಕ್ಟ್ರು ಪಾರ್ಕಿನ್ಸನ್ ಅಂದ್ರು. ಎಂಆರ್‌ಐ ರಿಪೋರ್ಟಲ್ಲಿ ಮಾತ್ರ ಎಲ್ಲ ನಾರ್ಮಲ್ ಅಂತ ಉಂಟು. ಈಗ ನೆಂಟರೊಬ್ರು, ಮೆದುಳಿನ ಕನೆಕ್ಷನ್ ತೋರಿಸುವ ಬೇರೆ ಸ್ಕ್ಯಾನ್ ಉಂಟು, ಅದು ಮಾಡಿಸಿದ್ರೆ ಕ್ಲಿಯರ್ ಆಗ್ತದೆ ಅಂತಿದ್ದಾರೆ. ಮಾಡಿಸ್ಬೇಕಾ? (ಬ್ರಹ್ಮಾವರದಿಂದ)

ಉತ್ತರ: ಬೇಡ. ಇಷ್ಟು ಮೊದ್ಲೇ ಹೇಳಿಬಿಡ್ತೇನೆ, ಯಾಕೆ ಬೇಡ ಅಂತ ಹೇಳ್ಲಿಕ್ಕೆ ಸ್ವಲ್ಪ ಸುತ್ತು ಹೊಡೀಬೇಕು.

ನಾರ್ಮಲ್ ಎಂಆರ್‌ಐ ಅಂದ್ರೆ ಕಾಯಿಲೆ ಇಲ್ಲ ಅಂತ ಅಲ್ಲ ಮಾರಾಯ್ರೆ. ಗಡ್ಡೆ ಉಂಟಾ, ಸ್ಟ್ರೋಕ್ ಆಗಿದ್ಯಾ, ಮೆದುಳಲ್ಲಿ ನೀರು ತುಂಬಿದ್ಯಾ, ಇಂಥದ್ದನ್ನು ಆ ಸ್ಕ್ಯಾನ್ ಚೆನ್ನಾಗಿ ತೋರಿಸ್ತದೆ. ಪಾರ್ಕಿನ್ಸನ್‌ನಲ್ಲಿ ಆಗುದು ಬೇರೆ, ಮೆದುಳಿನ ಬುಡದ ಹತ್ರ ಡೋಪಮೈನ್ (ಕೈಕಾಲು ಸಲೀಸಾಗಿ ಆಡ್ಲಿಕ್ಕೆ ಬೇಕಾದ ರಾಸಾಯನಿಕ) ತಯಾರಿಸುವ ಜೀವಕೋಶಗಳು ಒಂದೊಂದೇ ಸಾಯ್ತಾ ಬರ್ತವೆ, ಮಾಮೂಲಿ ಸ್ಕ್ಯಾನಿಗೆ ಅದು ಕಾಣುದೇ ಇಲ್ಲ ಅಂದ್ರೂ ಸರಿ. ಡಾಕ್ಟ್ರು ಎಂಆರ್‌ಐ ಬರೆದದ್ದು ಪಾರ್ಕಿನ್ಸನ್ ಹುಡುಕ್ಲಿಕ್ಕೆ ಅಲ್ಲ, ಅದೇ ತರ ಕಾಣುವ ಬೇರೆ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡ್ಲಿಕ್ಕೆ. ಹಾಗಾಗಿ ನಾರ್ಮಲ್ ಬಂದದ್ದು ಒಳ್ಳೇದೇ.

ಇನ್ನು ಈ ಕನೆಕ್ಷನ್ ಸ್ಕ್ಯಾನ್ ಎಂತದು ಅಂತ. ಹೆಚ್ಚಾಗಿ ಎಂಆರ್‌ಐ ಮೆಷಿನ್ ಅದೇ, ಚಿತ್ರ ತೆಗೆಯುವ ಕ್ರಮ ಬೇರೆ. ಅದರಲ್ಲೂ ಎರಡು ಬಗೆ ಉಂಟು, ಒಂದು ರೋಡ್ ತೋರಿಸ್ತದೆ, ಇನ್ನೊಂದು ಬಸ್ ಓಡಾಟ ತೋರಿಸ್ತದೆ ಅಂತ ಇಟ್ಕೊಳ್ಳಿ.

ರೋಡ್ ತೋರಿಸುದು ಡಿಫ್ಯೂಷನ್ ಸ್ಕ್ಯಾನ್. ಮೆದುಳಿನ ಒಳಗಿನ ನೀರಿನ ಕಣಗಳು ನರದ ಎಳೆಗಳ ಉದ್ದಕ್ಕೆ ಸಲೀಸಾಗಿ ಸರೀತವೆ, ಅಡ್ಡಕ್ಕೆ ಅಷ್ಟು ಸಲೀಸಿಲ್ಲ, ಆ ವ್ಯತ್ಯಾಸ ಅಳೆದು ಎಳೆ ಯಾವ ಕಡೆ ಹೋಗಿದೆ ಅಂತ ಲೆಕ್ಕ ಹಾಕುದು. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಜೊತೆಯವರು ಈ ಲೆಕ್ಕವನ್ನು ಒಂದು ದಾರಿಗೆ ತಂದ್ರು. ಬಣ್ಣ ಬಣ್ಣದ ನೂಲಿನ ಉಂಡೆ ತರ ಮೆದುಳಿನ ಚಿತ್ರ ನೋಡಿರ್ತೀರಲ್ಲ, ಅದು ಇದೇ. ನೋಡ್ಲಿಕ್ಕೆ ಫೋಟೋ ತರ ಇದ್ರೂ ಅದು ಕಂಪ್ಯೂಟರ್ ಊಹಿಸಿ ಎಳೆದ ಗೆರೆ, ಎಳೆಗಳು ಒಂದನ್ನೊಂದು ದಾಟುವಲ್ಲಿ ಅದಕ್ಕೂ ತಲೆ ತಿರುಗ್ತದೆ. ಉಡುಪಿಯ ಕಲ್ಸಂಕದ ಸರ್ಕಲ್ ಮೇಲಿಂದ ನೋಡಿದ್ರೆ ರೋಡ್‌ಗಳು ಕೂಡುದು ಕಾಣ್ತದೆ, ಯಾವ ಬಸ್ ಯಾವ ಕಡೆ ತಿರುಗಿತು ಅಂತ ಕಾಣುದಿಲ್ಲ, ಹಾಗೆ.

ಬಸ್ ಓಡಾಟ ತೋರಿಸುದು ಫಂಕ್ಷನಲ್ ಎಂಆರ್‌ಐ. ಮೆದುಳಿನ ಯಾವುದೇ ಜಾಗ ಕೆಲಸ ಜೋರು ಮಾಡಿದ್ರೆ ಅಲ್ಲಿಗೆ ಆಕ್ಸಿಜನ್ ತುಂಬಿದ ರಕ್ತ ಜಾಸ್ತಿ ಹರೀತದೆ, ಅದರಿಂದ ಮೆಷಿನ್ನಿನ ಸಿಗ್ನಲ್ ಸ್ವಲ್ಪ ಬದಲಾಗ್ತದೆ, 1990ರಲ್ಲಿ ಸೇಜಿ ಒಗಾವಾ ತೋರಿಸಿದ್ದು ಇದನ್ನು. ಅಂದ್ರೆ ನಾವು ನೋಡುದು ನರದ ಕರೆಂಟನ್ನು ಅಲ್ಲ, ಅದರ ಹಿಂದೆ ಐದಾರು ಸೆಕೆಂಡ್ ಲೇಟಾಗಿ ಬರುವ ರಕ್ತವನ್ನು.

ಆಮೇಲೆ 1995ರಲ್ಲಿ ಒಂದು ಮಜಾ ಆಯ್ತು. ಅಮೆರಿಕದಲ್ಲಿ ಪಿಎಚ್‌ಡಿ ಮಾಡ್ತಿದ್ದ ಭಾರತೀಯ ಮೂಲದ ಭರತ್ ಬಿಸ್ವಾಲ್ ಜನರನ್ನು ಮೆಷಿನ್ ಒಳಗೆ ಸುಮ್ನೆ ಮಲಗಿಸಿದ್ರು, ಎಂತದೂ ಮಾಡ್ಬೇಡಿ ಅಂತ. ನೋಡಿದ್ರೆ ಬಲಗೈ ಆಡಿಸುವ ಜಾಗ, ಎಡಗೈ ಆಡಿಸುವ ಜಾಗ, ಎರಡರ ಸಿಗ್ನಲ್ಲೂ ಕೈ ಅಲ್ಲಾಡದೇ ಇದ್ರೂ ನಿಧಾನಕ್ಕೆ ಒಟ್ಟೊಟ್ಟಿಗೆ ಏರಿ ಇಳೀತಿತ್ತು. ಎಷ್ಟೋ ಜನ ನಂಬ್ಲಿಲ್ಲ, ಉಸಿರಾಟದ್ದೋ ಎದೆಬಡಿತದ್ದೋ ಗಲಾಟೆ ಅಂದ್ರು. ಈಗ ಕನೆಕ್ಟಿವಿಟಿ ಸಂಶೋಧನೆಯ ದೊಡ್ಡ ಪಾಲು ನಿಂತಿರುದೇ ಅದರ ಮೇಲೆ. ಏಳೆಂಟು ನಿಮಿಷ ಮಲಗ್ಬೇಕು, ನಿದ್ದೆ ಮಾಡ್ಬಾರ್ದು, ಅಷ್ಟೆ (ಆ ಡಬ್ ಡಬ್ ಶಬ್ದದಲ್ಲೂ ನನ್ನ ದೊಡ್ಡಮ್ಮನಿಗೆ ನಿದ್ದೆ ಬಂದಿತ್ತು, ಅದು ಬೇರೆ ವಿಷಯ).

ಇಲ್ಲೇ ಜನ ಎಡವುದು. ಎರಡು ಜಾಗ ಒಟ್ಟಿಗೆ ಏರಿಳಿದ್ರೆ ಅವು ಒಂದಕ್ಕೊಂದು ಮಾತಾಡ್ತಿವೆ ಅಂತ ಅರ್ಥ ಆಗ್ಬೇಕಂತಿಲ್ಲ. ಜುಲೈಯಲ್ಲಿ ಮಂಗಳೂರಲ್ಲೂ ಉಡುಪಿಯಲ್ಲೂ ಒಂದೇ ದಿನ ಶಾಲೆಗೆ ರಜೆ ಸಿಗ್ತದಲ್ಲ, ಇಬ್ರು ಡಿಸಿಗಳು ಫೋನ್ ಮಾಡಿ ಮಾತಾಡಿದ್ದಾ? ಅಲ್ಲ, ಎರಡೂ ಕಡೆ ಮಳೆ. ಮೆದುಳಿನ ಸ್ಕ್ಯಾನಲ್ಲಿ ಈ ಮಳೆ ಅಂದ್ರೆ ಉಸಿರಾಟ, ಎದೆಬಡಿತ, ಎಲ್ಲಕ್ಕಿಂತ ಹೆಚ್ಚಾಗಿ ತಲೆ ಅಲ್ಲಾಡುದು. ಒಂದು ಮಿಲಿಮೀಟರಿಗಿಂತ ಕಡಿಮೆ ಅಲ್ಲಾಡಿದ್ರೂ ಹತ್ತಿರದ ಜಾಗಗಳ ಕನೆಕ್ಷನ್ ಜಾಸ್ತಿ ಕಾಣ್ತದೆ, ದೂರದವುಗಳದ್ದು ಕಡಿಮೆ ಕಾಣ್ತದೆ ಅಂತ 2012ರಲ್ಲಿ ಗೊತ್ತಾದಾಗ ಹಳೇ ಪೇಪರ್ ಬರೆದವ್ರೆಲ್ಲ ತಲೆ ಕೆರೆದುಕೊಂಡ್ರು. ಈಗ ನೀವೇ ಹೇಳಿ, ನಡುಗುದೇ ಕಾಯಿಲೆ ಆಗಿರುವವ್ರನ್ನು ಅಲ್ಲಾಡದೆ ಮಲಗಿ ಅಂದ್ರೆ ಹೇಗೆ! ಜೊತೆಗೆ ಪಾರ್ಕಿನ್ಸನ್‌ಗೆ ಕೊಡುವ ಲಿವೋಡೋಪ ಮಾತ್ರೆ ತಗೊಂಡು ಸ್ಕ್ಯಾನ್ ಮಾಡಿದ್ರೆ ಒಂದು ಚಿತ್ರ, ಮಾತ್ರೆ ಇಳಿದ ಮೇಲೆ ಮಾಡಿದ್ರೆ ಇನ್ನೊಂದು.

ಸತ್ತ ಮೀನಿನ ಕತೆ ಹೇಳದಿದ್ರೆ ನಮ್ಮ ಕಡಲ ಊರಿಗೆ ಮರ್ಯಾದೆ ಅಲ್ಲ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಅಂಗಡಿಯಿಂದ ತಂದ ಸಾಲ್ಮನ್ ಮೀನನ್ನು (ಬಂಗುಡೆ ಅಲ್ಲ, ಪಾಪ) ಸ್ಕ್ಯಾನರಲ್ಲಿಟ್ಟು ಮನುಷ್ಯರ ಫೋಟೋ ತೋರಿಸಿದ್ರು, ಲೆಕ್ಕ ಸರಿಯಾಗಿ ತಿದ್ದದೆ ನೋಡಿದ್ರೆ ಸತ್ತ ಮೀನಿನ ಮೆದುಳಲ್ಲೂ ಕೆಂಪು ಚುಕ್ಕೆ ಬಂತು, ಅಂದ್ರೆ ಇಲ್ಲಿ ಕೆಲಸ ನಡೀತಿದೆ ಅನ್ನುವ ಗುರುತು. 2012ರಲ್ಲಿ ಅವರಿಗೆ ಇಗ್ ನೊಬೆಲ್ (ಮೊದ್ಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆ ಪ್ರಶಸ್ತಿ) ಸಿಕ್ಕಿತು. ಬಣ್ಣದ ಚುಕ್ಕೆ ಕಂಡ ಕೂಡಲೇ ನಂಬ್ಲಿಕ್ಕೆ ಹೋಗ್ಬಾರ್ದು ಅನ್ನುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನಂಗೆ ಗೊತ್ತಿಲ್ಲ.

ಹಾಗಂತ ಇದೆಲ್ಲ ದಂಡ ಅಂತ ನಾನು ಹೇಳ್ತಾ ಇಲ್ಲ, ಕಾಯಿಲೆಯನ್ನು ನೋಡುವ ರೀತಿಯನ್ನೇ ಇದು ಬದಲಾಯಿಸಿದೆ. ಶಿರಾಡಿ ಘಾಟಲ್ಲಿ ಗುಡ್ಡ ಕುಸಿದ್ರೆ ಮಂಗಳೂರಿನ ಮಾರ್ಕೆಟಲ್ಲಿ ಟೊಮೆಟೊ ರೇಟ್ ಏರ್ತದೆ. ಮಾರ್ಕೆಟಲ್ಲಿ ಎಂತ ಹಾಳಾಗಿದೆ ಅಂತ ಹುಡುಕಿದ್ರೆ ಏನೂ ಸಿಗುದಿಲ್ಲ, ಹಾಳಾದದ್ದು ಘಾಟಲ್ಲಿ. ಲಾರಿಗಳೆಲ್ಲ ಚಾರ್ಮಾಡಿ ಕಡೆ ತಿರುಗಿದ್ರೆ ಅಲ್ಲಿ ಟ್ರಾಫಿಕ್ ಜಾಸ್ತಿ, ಅದನ್ನು ನೋಡಿ ಚಾರ್ಮಾಡಿಗೆ ಶುಕ್ರದೆಸೆ ಅಂತ ಯಾರೂ ಹೇಳುದಿಲ್ಲ. ಮೆದುಳಲ್ಲೂ ಹೀಗೇ. ಒಂದು ಕಡೆ ಪೆಟ್ಟಾದ್ರೆ ಅದಕ್ಕೆ ಜೋಡಣೆ ಇರುವ ದೂರದ ಜಾಗವೂ ಮಂಕಾಗ್ತದೆ ಅಂತ 1914ರಲ್ಲೇ ಕಾನ್‌ಸ್ಟಾಂಟಿನ್ ಫಾನ್ ಮೊನಾಕೋವ್ ಹೇಳಿದ್ರು, ಆಗ ನೋಡ್ಲಿಕ್ಕೆ ಸಾಧನ ಇರ್ಲಿಲ್ಲ. 2009ರಲ್ಲಿ ವಿಲಿಯಂ ಸೀಲಿ ತಂಡ ಆಲ್ಜೈಮರ್ ಸೇರಿ ಐದು ಬಗೆಯ ಮರೆವಿನ ಮತ್ತು ನರದ ಕಾಯಿಲೆ ನೋಡಿದಾಗ, ಪ್ರತಿಯೊಂದ್ರಲ್ಲೂ ಮೆದುಳು ಸವೆದ ಜಾಗಗಳು ಆರೋಗ್ಯವಂತರ ಒಂದೊಂದು ನೆಟ್‌ವರ್ಕಿಗೆ, ಅಂದ್ರೆ ಒಟ್ಟೊಟ್ಟಿಗೆ ಏರಿಳಿಯುವ ಜಾಗಗಳ ಗುಂಪಿಗೆ, ತಾಳೆ ಆಗ್ತಿತ್ತು. ಸಿಕ್ಕಾಬಟ್ಟೆ ಹಾಳಾಗುದಲ್ಲ, ರೂಟ್ ಹಿಡಿದು ಹಾಳಾಗುದು.

ಪಾರ್ಕಿನ್ಸನ್‌ಗೆ ಮೆದುಳೊಳಗೆ ತಂತಿ ಇಟ್ಟು ಕರೆಂಟ್ ಕೊಡುವ ಡಿಬಿಎಸ್ ಆಪರೇಷನ್ ಉಂಟಲ್ಲ, ಅದರಲ್ಲೂ ತಂತಿಯ ತುದಿ ಯಾವ ಯಾವ ಜಾಗಕ್ಕೆ ಕನೆಕ್ಟ್ ಆಗಿದೆ ಅನ್ನುದಕ್ಕೂ ಎಷ್ಟು ಗುಣ ಆಗ್ತದೆ ಅನ್ನುದಕ್ಕೂ ಸಂಬಂಧ ಉಂಟು ಅಂತ 2017ರಲ್ಲಿ ಆಂಡ್ರಿಯಾಸ್ ಹಾರ್ನ್ ತಂಡ ತೋರಿಸಿತು. ಗಡ್ಡೆ ತೆಗೆಯುವ ಮೊದ್ಲು, ಮಾತಿನ ಎಳೆ ಎಲ್ಲಿ ಹೋಗಿದೆ, ಕೈಕಾಲಿನ ಎಳೆ ಎಲ್ಲಿ ಹೋಗಿದೆ ಅಂತ ಸರ್ಜನ್‌ಗಳು ಡಿಫ್ಯೂಷನ್ ಸ್ಕ್ಯಾನ್ ನೋಡುದು ಈಗ ಮಾಮೂಲು.

ಆದ್ರೆ ನಿಮ್ಮ ಅಪ್ಪನ ವಿಷಯ ಬೇರೆ. ಈ ಸಂಶೋಧನೆಗಳಲ್ಲಿ ಹೆಚ್ಚಿನವು ಇಷ್ಟು ಜನ ರೋಗಿಗಳ ಸರಾಸರಿ, ಇಷ್ಟು ಜನ ಆರೋಗ್ಯವಂತರ ಸರಾಸರಿ, ನಡುವೆ ವ್ಯತ್ಯಾಸ ಉಂಟು ಅಂತ ಹೇಳ್ತವೆ. ಒಬ್ಬರ ಚಿತ್ರ ಕೈಯಲ್ಲಿ ಹಿಡಿದು ಇವ್ರಿಗೆ ಉಂಟು, ಇವ್ರಿಗೆ ಇಲ್ಲ ಅಂತ ಹೇಳ್ಲಿಕ್ಕೆ ಅದು ಸಾಲುದಿಲ್ಲ. ಅನುಮಾನ ಬಗೆಹರಿಯದಿದ್ರೆ ಡಾಕ್ಟ್ರು ಡೋಪಮೈನ್ ವ್ಯವಸ್ಥೆಯನ್ನೇ ನೋಡುವ ಟ್ರೋಡಾಟ್ ತರದ ಸ್ಕ್ಯಾನ್ ಬರೀಬಹುದು, ಅದು ಇದಲ್ಲ, ಎಲ್ಲರಿಗೂ ಬೇಕಂತಲೂ ಇಲ್ಲ. ಪಾರ್ಕಿನ್ಸನ್ ಗೊತ್ತಾಗುದು ಇವತ್ತಿಗೂ ಡಾಕ್ಟ್ರ ಕಣ್ಣಿಂದ, ಕೈಯಿಂದ. ಬೆರಳು ತಟ್ಟಿಸ್ತಾರೆ, ಕೈ ಮಡಚಿ ಬಿಗಿ ನೋಡ್ತಾರೆ, ನಡೆಸ್ತಾರೆ, ಮಾತ್ರೆಗೆ ಎಷ್ಟು ಬಗ್ತದೆ ನೋಡ್ತಾರೆ.

ಆ ಸ್ಕ್ಯಾನಿಗೆ ಕೊಡುವ ದುಡ್ಡು ಉಳಿಸಿ. ಮುಂದಿನ ಸಲ ಹೋಗುವಾಗ ಅಪ್ಪ ಅಂಗಳದಲ್ಲಿ ನಡೆಯುದು, ಅಂಗಿ ಬಟನ್ ಹಾಕುದು ಎರಡೂ ಫೋನಲ್ಲಿ ವಿಡಿಯೋ ಮಾಡ್ಕೊಂಡು ಹೋಗಿ, ಮಾತ್ರೆ ತಗೊಂಡು ಎಷ್ಟು ಹೊತ್ತಿಗೆ ಕೈ ಸುಧಾರಿಸ್ತದೆ, ಎಷ್ಟು ಹೊತ್ತಿಗೆ ಮತ್ತೆ ಶುರು ಆಗ್ತದೆ ಅಂತ ಒಂದು ವಾರ ಕ್ಯಾಲೆಂಡರಲ್ಲಿ ಗುರುತು ಹಾಕಿ. ಪ್ರೊಟೀನ್ ಜಾಸ್ತಿ ಇರುವ ಊಟದೊಟ್ಟಿಗೆ ಲಿವೋಡೋಪ ಕೆಲವರಿಗೆ ಸರಿ ಹತ್ತುದಿಲ್ಲ, ಹಾಗಾಗಿ ಮಧ್ಯಾಹ್ನದ ಮಾತ್ರೆಯನ್ನು ಮೀನು ಸಾರು ಊಟಕ್ಕಿಂತ ಎಷ್ಟು ಮೊದ್ಲು ಕೊಡ್ಬೇಕು ಅಂತಲೂ ಮರೀದೆ ಕೇಳಿ.