ಆ ಚಿತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ

ವಿಜಯಪುರದಲ್ಲಿ ನಮ್ಮದು ಎರಡು ಕೋಣೆಯ ಚಿಕ್ಕ ಗ್ಯಾಲರಿ. ಚಿತ್ರಗಳಿಗೆ ಕಟ್ಟು ಹಾಕುವುದೂ ನಾನೇ. ಗೋಳಗುಮ್ಮಟ ನೋಡಲು ಬಂದವರು ಬಿಸಿಲು ತಾಳದೆ ಒಳಗೆ ಬರುತ್ತಾರೆ. ಟಿಕೆಟ್ ಇಲ್ಲ, ಕೊಳ್ಳಲೇಬೇಕೆಂದೂ ಇಲ್ಲ. ಸುಮ್ನೆ ನೋಡಿಕೊಂಡು ಹೋದರೂ ಖುಷಿಯೇ. ಕೆಲವರು ಒಂದು ಸಣ್ಣ ವಾಟರ್ ಕಲರ್ ಚಿತ್ರ ಮೆಚ್ಚಿ ಕೊಳ್ಳುತ್ತಾರೆ. ನನ್ನ ಚಿಂತೆ ಶುರುವಾಗುವುದು ಅಲ್ಲಿಂದ.

ಹೋದ ವರ್ಷ ಮುದ್ದೇಬಿಹಾಳ ಕಡೆಯ ಮಾಸ್ತರೊಬ್ಬರು ಇಲ್ಲಿನ ಇಬ್ರಾಹಿಂ ರೋಜಾ ಗೋರಿಯ ಚಿತ್ರ ಒಯ್ದರು. ನಾಲ್ಕು ತಿಂಗಳಿಗೆ ಅದನ್ನೇ ಹಿಡಿದು ಬಂದರು. "ನೋಡ್ರಿ ಸರ, ಧೂಳ ಹತ್ತಬಾರ್ದಂತ ಲ್ಯಾಮಿನೇಷನ್ ಮಾಡಿಸೀನಿ" ಅಂದರು. ನನಗೆ ಮಾತೇ ಹೊರಡಲಿಲ್ಲ.

ಅವರೊಬ್ಬರೇ ಅಲ್ಲ. ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಹೀಗೆ ಕಾಪಾಡಬೇಕಾದ ಕಾಗದ ಅಂದ ಕೂಡಲೇ ನಮಗೆ ಲ್ಯಾಮಿನೇಷನ್ ನೆನಪಾಗುತ್ತದೆ. ಪ್ರೀತಿಯಿಂದಲೇ ಮಾಡಿಸುತ್ತಾರೆ. ಅದಕ್ಕೇ ಬೈಯಲೂ ಆಗುವುದಿಲ್ಲ.

ಆ ಯಂತ್ರದಲ್ಲಿ ಏನಾಗುತ್ತದೆ ನೋಡಿ. ಪ್ಲಾಸ್ಟಿಕ್ ಹಾಳೆಯ ಒಳಮೈಗೆ ಅಂಟು ಇರುತ್ತದೆ. 100 ಡಿಗ್ರಿ ಮೀರಿದ ಬಿಸಿಗೆ ಅದು ಕರಗುತ್ತದೆ. ಉರುಳೆಗಳು ಅದನ್ನು ಕಾಗದಕ್ಕೆ ಒತ್ತುತ್ತವೆ. ವಾಟರ್ ಕಲರ್ ಕಾಗದ ದಪ್ಪ, ಸಾಮಾನ್ಯವಾಗಿ ಚದರ ಮೀಟರಿಗೆ 300 ಗ್ರಾಂ ತೂಕ, ಅಂದರೆ 300 ಜಿಎಸ್‌ಎಂ. ಮೈ ತರಿತರಿ. ಬಣ್ಣ ಆ ತರಿಗಳ ನಡುವಿನ ಗುಳಿಗಳಲ್ಲಿ ಕೂತಿರುತ್ತದೆ. ಚಿತ್ರದ ಜೀವ ಇರುವುದೇ ಅಲ್ಲಿ. ಅಂಟು ಆ ಗುಳಿಗಳಿಗೆ ಇಳಿದು ತಣ್ಣಗಾದರೆ ಕಾಗದವೂ ಪ್ಲಾಸ್ಟಿಕ್ಕೂ ಒಂದೇ ಆದಂತೆ. ಎಳೆದರೆ ಬಣ್ಣವೂ ಕಿತ್ತು ಬರುತ್ತದೆ. ಕಾಗದದಲ್ಲಿ ತೇವ ಇದ್ದರೆ ಅದೂ ಒಳಗೇ ಉಳಿಯುತ್ತದೆ. ವರ್ಷ ಕಳೆದಂತೆ ಅಂಟು ಹಳದಿಯಾಗಬಹುದು.

ಬಿಸಿ ಇಲ್ಲದ ಕೋಲ್ಡ್ ಲ್ಯಾಮಿನೇಷನ್ ಆದರೆ ಪರವಾಗಿಲ್ಲವಾ ಅಂತ ಕೇಳುತ್ತಾರೆ. ಇಲ್ಲ. ಅದರಲ್ಲೂ ಇರುವುದು ಅಂಟೇ ಅಲ್ವಾ. ದೊಡ್ಡ ಪ್ರಯೋಗಾಲಯದಲ್ಲಿ ನುರಿತವರು ಒಂದಿಷ್ಟು ಬಿಡಿಸಬಹುದೇನೋ. ನಾನಂತೂ ಭರವಸೆ ಕೊಡುವುದಿಲ್ಲ.

ಲ್ಯಾಮಿನೇಷನ್ ಇಲ್ಲದೆಯೂ ಚಿತ್ರ ಉಳಿಯುತ್ತದೆ ಅನ್ನುವುದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಕಾಗದದ ಮೇಲೆ ಬರೆದ ಚಿತ್ರಗಳು ಇಂದಿಗೂ ಉಳಿದಿವೆ. ಸುಮಾರು 400 ವರ್ಷ! ಅಂಥ ಚಿತ್ರಗಳನ್ನು ಆಲ್ಬಮ್ಮುಗಳಲ್ಲಿ ಜೋಡಿಸಿ ಇಡುತ್ತಿದ್ದರು. ಬೇಕಾದಾಗ ತೆರೆದು ನೋಡಿ ಮುಚ್ಚುತ್ತಿದ್ದರು. ಬೆಳಕು ಜಾಸ್ತಿ ಬೀಳಲಿಲ್ಲ, ಬಣ್ಣ ಉಳಿಯಿತು.

ಚಿತ್ರ ಕೊಂಡರೆ ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟು ಒಯ್ಯಿರಿ. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಡಿ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಕೂಡಲಸಂಗಮಕ್ಕೋ ಬಾದಾಮಿಗೋ ಇಳಿದು ಹೋಗಬೇಡಿ. ಊರಿಗೆ ಹೋದ ಮೇಲೆ ಕಟ್ಟು ಹಾಕಿಸಿ. ಗಾಜು ಚಿತ್ರಕ್ಕೆ ತಾಗಬಾರದು ಅಂತ ಅಂಗಡಿಯವರಿಗೆ ಹೇಳಿ. ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಕೂರುವ ದಪ್ಪ ರಟ್ಟು, ಹಾಕಿಸಿ, ಆಸಿಡ್ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಇದು ವಾಟರ್ ಕಲರ್ ಮಾತು. ಆಯಿಲ್ ಪೇಂಟಿಂಗ್ ಆದರೆ ಬರೆದವರನ್ನೇ ಕೇಳಿ.

ಮಾಸ್ತರು ಎಲ್ಲ ಕೇಳಿ ಸಣ್ಣ ಮುಖ ಮಾಡಿಕೊಂಡರು. "ಇದನ್ನ ಬಿಚ್ಚಾಕ ಬರಂಗಿಲ್ಲೇನ್ರಿ?" ಅಂದರು. ಬರುವುದಿಲ್ಲ ಅನ್ನಲು ನನಗೂ ಸಂಕಟವಾಯಿತು. ಚಹಾ ಕುಡಿದೆವು. ಹೋಗುವಾಗ ಇನ್ನೊಂದು ಸಣ್ಣ ಚಿತ್ರ ಆರಿಸಿದರು, ಕಟ್ಟು ನಾನೇ ಹಾಕಿಕೊಟ್ಟೆ. ಮೊದಲಿನದು ಈಗ ಅವರ ಶಾಲೆಯ ನಾಲ್ಕನೇ ತರಗತಿಯ ಗೋಡೆಯ ಮೇಲಿದೆಯಂತೆ. ಮಕ್ಕಳು ಅದರ ಹತ್ತಿರ ನಿಂತು ಮಿನಾರು ಎಣಿಸುತ್ತಾರಂತೆ.