11 ಮತ್ತು 184: ಟ್ಯೂನಿಂಗ್ ಸಾಫ್ಟ್‌ವೇರ್ ಕೊಳ್ಳುವ ಮುನ್ನ

"ಯಾವ ಸಾಫ್ಟ್‌ವೇರ್ ಹಾಕಿದ್ರ ಗಾಡಿ ಜಾಸ್ತಿ ಓಡ್ತೈತ್ರಿ?" ಬೆಳಗಾವಿಯ ಉದ್ಯಮಬಾಗದಿಂದ ವಿಜಯಪುರದವರೆಗೆ ಕಾರಿನ ಹುಚ್ಚು ಹಿಡಿದವರೆಲ್ಲ ಕೇಳುವ ಪ್ರಶ್ನೆ ಇದು. ಪ್ರಶ್ನೆಯೇ ದಾರಿ ತಪ್ಪಿದೆ. ಶಕ್ತಿ ಬರುವುದು ಸಿಲಿಂಡರಿನಲ್ಲಿ ಸುಡುವ ಇಂಧನದಿಂದ, ಅದನ್ನು ಸುಡಲು ಸಿಗುವ ಗಾಳಿಯಿಂದ. ವಿನ್‌ಓಎಲ್‌ಎಸ್ ಆಗಲಿ, ಇಸಿಎಂ ಟೈಟಾನಿಯಂ ಆಗಲಿ, ಇಂಥ ಟ್ಯೂನಿಂಗ್ ಸಾಫ್ಟ್‌ವೇರ್‌ಗಳು ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುವಿನ ಮೆಮೊರಿಯ ಅಂಕಿಗಳನ್ನು ಕಣ್ಣಿಗೆ ಕಾಣಿಸಿ ತಿದ್ದಲು ಬಿಡುತ್ತವೆ, ಅಷ್ಟೇ. 50 ಇದ್ದಲ್ಲಿ 55 ಬರೆದರೆ ಎರಡರಲ್ಲೂ ಅದು 55. ಬೆಲೆ ಹೆಚ್ಚಿನ ಪ್ಯಾಕೇಜಿನ 55ಕ್ಕೆ ಹೆಚ್ಚು ಬಲವಿಲ್ಲ. ನಿಮ್ಮ ಗಾಡಿಯ ಇಸಿಯು ಫೈಲನ್ನು ಯಾವುದು ತಪ್ಪಿಲ್ಲದೆ ಓದುತ್ತದೆ ಎಂಬುದನ್ನೇ ನೋಡಿ ಆರಿಸಬೇಕು.

ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರಿಗೂ ಫೈಲ್ ಹಾಕಿಸುವ ಮಾತಾಡುವವರಿದ್ದಾರೆ. 50 ಎಚ್‌ಪಿ ಒಳಗಿನ ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಇರುವುದು ಮೆಕ್ಯಾನಿಕಲ್ ಪಂಪು, ಅಲ್ಲಿ ತಿದ್ದಲು ಫೈಲೇ ಇಲ್ಲ. ಅದಕ್ಕಿಂತ ದೊಡ್ಡವಕ್ಕೆ 2023ರ ಜನವರಿಯಲ್ಲಿ ಟ್ರೆಮ್ 4 ಹೊಗೆ ನಿಯಮ ಬಂದ ಮೇಲೆ, ಒಂದೇ ಕೊಳವೆಯಲ್ಲಿ ಒತ್ತಡದಲ್ಲಿಟ್ಟ ಡೀಸೆಲನ್ನು ಇಸಿಯು ಹೇಳಿದಷ್ಟೇ ಹಾಕುವ ಕಾಮನ್ ರೇಲ್ ಬಂತು.

ಹಾಗೆ ನೋಡಿದರೆ ಮೆಕ್ಯಾನಿಕಲ್ ಪಂಪಿನಲ್ಲೂ ಲೆಕ್ಕ ಇತ್ತು, ಆದರೆ ಅದು ಲೋಹದಲ್ಲಿತ್ತು. ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಪಂಪಿನ ತಯಾರಿಕೆ ಶುರು ಮಾಡಿತು. ಅಂಥ ಪಂಪುಗಳಲ್ಲಿ ವೇಗ ಏರಿದಾಗ ಎಷ್ಟು ಇಂಧನ ಎಂಬುದನ್ನು ಗವರ್ನರಿನ ಸ್ಪ್ರಿಂಗು ಮತ್ತು ತಿರುಗುವ ತೂಕಗಳೇ ನಿರ್ಧರಿಸುತ್ತಿದ್ದವು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿಗೆ ಮೋಟ್ರಾನಿಕ್ ಬಂದಾಗ ಪೆಟ್ರೋಲು ಮತ್ತು ಕಿಡಿಯ ಲೆಕ್ಕ ಎರಡೂ ಒಂದೇ ಡಿಜಿಟಲ್ ಪೆಟ್ಟಿಗೆಗೆ ಇಳಿದವು. 1997ರ ಆಲ್ಫಾ ರೋಮಿಯೊ 156ರಲ್ಲಿ ಕಾಮನ್ ರೇಲ್ ಡೀಸೆಲ್ ಮಾರುಕಟ್ಟೆಗೆ ಬಂತು. ಇಂಥ ಗಾಡಿಗಳಲ್ಲಿ ಸ್ಪ್ರಿಂಗಿನ ಕೆಲಸವನ್ನು ಅಂಕಿಗಳ ಕೋಷ್ಟಕ ಮಾಡುತ್ತಿದೆ. ಅದಕ್ಕೇ ಮ್ಯಾಪ್ ಎನ್ನುವುದು.

ಮ್ಯಾಪ್ ಎಂದರೇನೆಂದು ತಿಳಿಯಲು ಇಳಕಲ್ಲಿನ ಮಗ್ಗದ ಮುಂದೆ ಕೂತರೆ ಸಾಕು. ಹಾಸಿನ ಎಳೆಗಳು ಆರ್‌ಪಿಎಂ, ಹೊಕ್ಕಿನ ಎಳೆಗಳು ಲೋಡ್, ಅಂದರೆ ಎಂಜಿನ್ ಮೇಲಿನ ಭಾರ. ಎರಡೂ ಕೂಡುವ ಒಂದೊಂದು ಜಾಗದಲ್ಲಿ ಒಂದು ಅಂಕಿ. ಹದಿನಾರಕ್ಕೆ ಹದಿನಾರು ಎಳೆ ಇದ್ದರೆ 256 ಅಂಕಿ. 2,000 ಆರ್‌ಪಿಎಂನಲ್ಲಿ 40 ಮಿಲಿಗ್ರಾಂ ಡೀಸೆಲ್, 2,250ರಲ್ಲಿ 45 ಎಂದಿದ್ದು, ಎಂಜಿನ್ 2,100ರಲ್ಲಿ ತಿರುಗುತ್ತಿದ್ದರೆ ಇಸಿಯು ನಡುವಿನ ದೂರ ಅಳೆದು 42 ಹಾಕುತ್ತದೆ. ನೇಕಾರ ಒಂದು ಎಳೆ ಎಳೆದರೆ ಅಕ್ಕಪಕ್ಕದ ಬಟ್ಟೆಯೂ ಸುಕ್ಕಾಗುತ್ತದಲ್ಲ, ಒಂದೇ ಅಂಕಿ ಜಿಗಿಸಿದರೆ ಗಾಡಿಯೂ ಹಾಗೇ ಜರ್ಕ್ ಹೊಡೆಯುತ್ತದೆ.

ಕಷ್ಟ ಇರುವುದು ಈ ಬಟ್ಟೆಯನ್ನು ಹುಡುಕುವುದರಲ್ಲಿ. ಡೀಸೆಲ್ ಗಾಡಿಗಳ ಬಾಷ್ ಇಡಿಸಿ17 ಇಸಿಯುವಿನ ಫೈಲು ಸಾಮಾನ್ಯವಾಗಿ 2ರಿಂದ 4 ಎಂಬಿ, ಅದರಲ್ಲಿ ಯಾವ ಮ್ಯಾಪಿಗೂ ಹೆಸರಿಲ್ಲ. ಬಾದಾಮಿಯ ಬಂಡೆಯ ಮೇಲೆ ಒಂದನೇ ಪುಲಕೇಶಿಯ ಶಾಸನವಿದೆ. ಲಿಪಿ ಬಾರದವನಿಗೆ ಅದು ಬರೀ ಗೀರು, ಬಂದವನಿಗೆ ಕೋಟೆ ಕಟ್ಟಿಸಿದ ಸುದ್ದಿ. ಲಿಪಿ ಬಂದರೂ ಕೆಲಸ ಮುಗಿಯುವುದಿಲ್ಲ. ಅಲ್ಲಿರುವ ಕಾಲ ಶಕ ವರ್ಷ 465. ಅದಕ್ಕೆ 78 ಕೂಡಿಸಿದಾಗಲೇ ಕ್ರಿ.ಶ. 543 ಸಿಗುತ್ತದೆ. ಇಸಿಯುವಿನಲ್ಲೂ ಇದೇ ಲೆಕ್ಕ. ಹಲವು ಬಾಷ್ ಡೀಸೆಲ್ ಫೈಲುಗಳಲ್ಲಿ 40 ಡಿಗ್ರಿ ತಾಪಮಾನ 3131 ಎಂದು ಬರೆದಿರುತ್ತದೆ. ಹತ್ತರಿಂದ ಭಾಗಿಸಿ 273.1 ಕಳೆಯಬೇಕು.

ಇನ್ನೊಂದು, ಓದುವ ದಿಕ್ಕು. 3,000 ಎಂಬ ಅಂಕಿ ಎರಡು ಬೈಟುಗಳಲ್ಲಿ ಕೂರುತ್ತದೆ: 11 ಮತ್ತು 184. 11ನ್ನು 256ರಿಂದ ಗುಣಿಸಿ 184 ಕೂಡಿಸಿದರೆ 3,000. ಪವರ್‌ಪಿಸಿ ಚಿಪ್ಪಿರುವ ಇಡಿಸಿ16ರಲ್ಲಿ ದೊಡ್ಡ ಪಾಲಿನ ಬೈಟು ಮೊದಲು. ಟ್ರೈಕೋರ್ ಚಿಪ್ಪಿನ ಇಡಿಸಿ17ರಲ್ಲಿ ಅದು ಕೊನೆಗೆ. ತಿರುವುಮುರುವು ಓದಿದರೆ 3,000 ಆರ್‌ಪಿಎಂ 47,115 ಆಗಿಬಿಡುತ್ತದೆ.

ಪ್ಯಾಕೇಜುಗಳ ನಡುವಿನ ವ್ಯತ್ಯಾಸ ಇರುವುದು ಇಲ್ಲಿ. ವಿನ್‌ಓಎಲ್‌ಎಸ್ ಇಡೀ ಫೈಲನ್ನು ನಿಮ್ಮ ಮುಂದೆ ಹರವಿ, ಮ್ಯಾಪ್ ಇರಬಹುದಾದ ಜಾಗಗಳನ್ನು ತಾನೇ ಹುಡುಕಿ ಕೊಡುತ್ತದೆ. ಹೆಸರಿಡುವುದು ನಿಮ್ಮ ಕೆಲಸ, ಅಥವಾ ಯಾವ ಮ್ಯಾಪ್ ಎಲ್ಲಿದೆ ಎಂದು ಹೇಳುವ ಡಾಮೋಸ್, ಎ2ಎಲ್ ವಿವರ ಫೈಲು ಬೇಕು. ಇಸಿಎಂ ಟೈಟಾನಿಯಂ ಡ್ರೈವರ್ ಎಂಬ ಸಿದ್ಧ ವಿವರ ಹಾಕಿಕೊಂಡು ಮುಖ್ಯ ಮ್ಯಾಪುಗಳನ್ನು ಹೆಸರಿನೊಂದಿಗೆ ತೋರಿಸುತ್ತದೆ. ಕಲಿಯುವವರಿಗೆ ಅದು ಸುಲಭ, ಆದರೆ ಡ್ರೈವರಿನಲ್ಲಿ ಇಲ್ಲದ ಮಿತಿ ನಿಮಗೆ ಕಾಣುವುದೇ ಇಲ್ಲ. ಟ್ಯೂನರ್‌ಪ್ರೊ ಎಕ್ಸ್‌ಡಿಎಫ್ ಎಂಬ ವಿವರ ಫೈಲನ್ನು ನೆಚ್ಚಿಕೊಂಡಿದೆ, ಅದನ್ನು ಬರೆದವನು ಎಷ್ಟು ಜಾಣನೋ ಅದೂ ಅಷ್ಟೇ. ಎಚ್‌ಪಿ ಟ್ಯೂನರ್ಸ್ ಓದುವುದು, ತಿದ್ದುವುದು, ಓಡಿಸಿ ದಾಖಲಿಸುವುದು ಎಲ್ಲವನ್ನೂ ಒಂದೇ ಕಡೆ ಮಾಡುವ ಒಳ್ಳೆಯ ಪ್ಯಾಕೇಜು, ಆದರೆ ಅದರ ಬಲ ಅಮೆರಿಕದ ಗಾಡಿಗಳಲ್ಲಿ. ರೇಸ್ ಕಾರು ಕಟ್ಟುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇವ್ಯಾವುವೂ ಬೇಡ. ಸ್ಪೀಡುಯಿನೊ ಅಥವಾ ಮೆಗಾಸ್ಕ್ವರ್ಟ್ ಇಸಿಯು ಕೂರಿಸಿ ಟ್ಯೂನರ್‌ಸ್ಟುಡಿಯೊದಲ್ಲಿ ಎಂಜಿನ್ ಓಡುತ್ತಿರುವಾಗಲೇ ತಿದ್ದಬಹುದು. ಅದರಲ್ಲಿ ಗುರಿಯನ್ನು ಲ್ಯಾಂಬ್ಡಾದಲ್ಲೇ, ಅಂದರೆ ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಎಂಬ ಲೆಕ್ಕದಲ್ಲೇ, ಇಟ್ಟುಕೊಳ್ಳಿ. ಶುದ್ಧ ಪೆಟ್ರೋಲಿನ ಸಮತೋಲ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲು. ನಮ್ಮದೇ ಕಬ್ಬಿನ ಎಥೆನಾಲ್ ಸೇರಿದ ಇ20ಗೆ ಅದು ಸುಮಾರು 13.5. ಲ್ಯಾಂಬ್ಡಾ ಎರಡಕ್ಕೂ 1.

ಡ್ರೈವರ್ ಅಥವಾ ಡಾಮೋಸ್ ಹೊಂದಿಸುವಾಗ ಕಾರಿನ ಮಾಡೆಲ್ ನೋಡಿದರೆ ಸಾಲದು. ಇಸಿಯು ಲೇಬಲ್ಲಿನ ಹಾರ್ಡ್‌ವೇರ್ ಸಂಖ್ಯೆಯ ಜೊತೆಗೆ ಫೈಲಿನೊಳಗಿನ ಸಾಫ್ಟ್‌ವೇರ್ ಸಂಖ್ಯೆಯೂ ಹೊಂದಬೇಕು. ಶೋರೂಮಿನಲ್ಲಿ ಒಂದು ಅಪ್‌ಡೇಟ್ ಆಗಿದ್ದರೂ ಮ್ಯಾಪ್ ಜಾಗ ಬದಲಿಸಿರಬಹುದು. ಆಗ ಟರ್ಬೊ ಒತ್ತಡ ಎಂದುಕೊಂಡು ಬೇರೆ ಯಾವುದನ್ನೋ ತಿದ್ದಿರುತ್ತೀರಿ.

ಚೆಕ್‌ಸಮ್ ಎಂಬುದು ಅಡತಿ ಅಂಗಡಿಯ ಖಾತೆಯ ಕೊನೆಯ ಮೊತ್ತವಿದ್ದಂತೆ. ಒಳಗಿನ ಒಂದು ಅಂಕಿ ಬದಲಾದರೂ ಕೆಳಗಿನ ಮೊತ್ತ ತಾಳೆಯಾಗಬೇಕು, ಇಲ್ಲವಾದರೆ ಇಸಿಯು ಫೈಲನ್ನು ಒಪ್ಪುವುದಿಲ್ಲ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ವಿನ್‌ಓಎಲ್‌ಎಸ್‌ನಲ್ಲಿ ಚೆಕ್‌ಸಮ್ ಮಾಡ್ಯೂಲ್‌ಗಳಿಗೆ ಬೇರೆ ದುಡ್ಡು, ಕೊಳ್ಳುವಾಗ ಅದನ್ನೂ ಸೇರಿಸಿ ಲೆಕ್ಕ ಹಾಕಿ. ಕ್ರ್ಯಾಕ್ ಮಾಡಿದ ಹಳೆಯ ಪ್ರತಿಗಳು ಹೊಸ ಇಸಿಯುವಿನಲ್ಲಿ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಫೈಲು ಓದಿ ಬರೆಯುವ ಉಪಕರಣವೂ ಬೇರೆ. ಅದರ ಸ್ಲೇವ್ ಆವೃತ್ತಿ ಅಗ್ಗ, ಆದರೆ ಓದಿದ ಫೈಲು ಬೀಗ ಹಾಕಿಕೊಂಡೇ ಹೊರಬರುತ್ತದೆ, ಮಾಸ್ಟರ್ ಇರುವವನು ಮಾತ್ರ ತೆರೆಯಬಲ್ಲ. ಸ್ವಂತ ತಿದ್ದುವ ಆಸೆಯಿದ್ದರೆ ಮಾಸ್ಟರನ್ನೇ ಕೊಳ್ಳಬೇಕು. ಬರೆಯುವಾಗ ಬ್ಯಾಟರಿಗೆ ಸುಮಾರು 13 ವೋಲ್ಟಿನ ಸ್ಥಿರ ಪವರ್ ಸಪ್ಲೈ ಕೊಟ್ಟಿರಿ. ಅರ್ಧದಲ್ಲಿ ವೋಲ್ಟೇಜ್ ಕುಸಿದರೆ ಇಸಿಯು ಬಿಚ್ಚಿ ಬೂಟ್ ಮೋಡಿನಲ್ಲಿ ಎಬ್ಬಿಸಬೇಕಾದೀತು.

ಇನ್ನು ಕರಿ ಹೊಗೆಯೇ ಪವರ್ ಎಂಬ ನಂಬಿಕೆ. ಒಂದು ಹೊಡೆತಕ್ಕೆ 900 ಮಿಲಿಗ್ರಾಂ ಗಾಳಿ ಬರುತ್ತಿದೆ ಎನ್ನಿ. ಡೀಸೆಲ್ ಸಮತೋಲ ಸುಮಾರು 14.5. ಲ್ಯಾಂಬ್ಡಾ 1.2 ಉಳಿಸಿಕೊಂಡರೆ 51.7 ಮಿಲಿಗ್ರಾಂ ಡೀಸೆಲ್ ಹಾಕಬಹುದು. ಗಾಳಿಗೆ ತಕ್ಕಂತೆ ಡೀಸೆಲ್ಲಿಗೆ ಮಿತಿ ಇಡುವ ಸ್ಮೋಕ್ ಮ್ಯಾಪಿನಲ್ಲಿ 60 ಬರೆದರೆ ಲ್ಯಾಂಬ್ಡಾ 1.03ಕ್ಕೆ ಇಳಿಯುತ್ತದೆ. ಸುಡದ ಇಂಗಾಲ ಹೊಗೆಯಾಗಿ ಹೊರಡುತ್ತದೆ, ಟರ್ಬೊ ಬಿಸಿಯಾಗುತ್ತದೆ, ಬಿಎಸ್6 ಗಾಡಿಯಾದರೆ ಹೊಗೆಯ ಮಸಿ ಸೋಸುವ ಡಿಪಿಎಫ್ ಕಟ್ಟಿಕೊಳ್ಳುತ್ತದೆ. ವಿಜಯಪುರದ 42 ಡಿಗ್ರಿ ಬಿಸಿಲಿನ ಗಾಳಿ 22 ಡಿಗ್ರಿಯ ಗಾಳಿಗಿಂತ ಸುಮಾರು 6% ತೆಳು. ಬೆಳಗಾವಿ 750 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 8% ಕಡಿಮೆ. ಕರಾವಳಿಯಲ್ಲಿ ಸಿದ್ಧವಾದ ಫೈಲು ಹಾಕಿ ಚೋರ್ಲಾ ಘಾಟ್ ಏರಿಸಿದರೆ, ಅದೇ ಬೂಸ್ಟ್ ಒತ್ತಡ ಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಹಾಗಾಗಿ ಗಾಳಿ, ಬೂಸ್ಟ್, ರೇಲ್ ಒತ್ತಡಗಳನ್ನು ಓಡುವಾಗಲೇ ದಾಖಲಿಸುವ ಲಾಗಿಂಗ್ ಸೌಲಭ್ಯ ಬೇಕೇಬೇಕು. ವಿನ್‌ಓಎಲ್‌ಎಸ್ ಕೊಂಡವರು ಅದಕ್ಕೆ ಬೇರೆ ಸಾಧನ ಇಟ್ಟುಕೊಳ್ಳಬೇಕು.

ಹಣ ಕೊಡುವ ಮೊದಲು ನಿಮ್ಮ ಗಾಡಿಯ ಮೂಲ ಫೈಲನ್ನು ಮಾರುವವನ ಕಂಪ್ಯೂಟರಿನಲ್ಲೇ ತೆರೆಸಿ. ಒಂದೂ ಅಂಕಿ ಮುಟ್ಟದೆ ಚೆಕ್‌ಸಮ್ ಸರಿ ಎನ್ನುತ್ತದೆಯೇ ನೋಡಿ. ಆಮೇಲೆ ಸ್ಮೋಕ್ ಮ್ಯಾಪಿನ ಆರ್‌ಪಿಎಂ ಸಾಲು ತೋರಿಸಲು ಹೇಳಿ. 1,000, 1,250, 1,500 ಎಂದು ಕ್ರಮವಾಗಿ ಏರುತ್ತಿರಬೇಕು. ನಡುವೆ 47,115ರಂಥ ಅಂಕಿ ಕಂಡರೆ ಆ ವಿವರ ಫೈಲು ನಿಮ್ಮ ಇಸಿಯುವಿನದಲ್ಲ.